ಸುಣ್ಣದ ಗೆರೆಯ ಮನೆ

ನಮ್ಮ ಊರಿನವರು ಮನೆಯಲ್ಲಿ ಮೊದಲು ಬಾಳುತ್ತಾರೆ, ಆಮೇಲೆ ಅದನ್ನು ಕಟ್ಟುತ್ತಾರೆ. ‘ಮನೆ ಕಟ್ಟಿ ನೋಡು’ ಅನ್ನುವುದು ಬೇರೆ ಊರಿನ ಗಾದೆ. ನಮ್ಮಲ್ಲಿ ಅದು ತಿರುವುಮುರುವು. ಮೊದಲು ನೋಡು, ಆಮೇಲೆ ಕಟ್ಟು.

ಊರು ಇರುವುದು ಬೆಟ್ಟದ ಇಳಿಜಾರಿನಲ್ಲಿ. ಮನೆ ಬೇಕಾದವರು ಬೆಟ್ಟದಜ್ಜಿಯ ಹತ್ತಿರ ಹೋಗುತ್ತಾರೆ. ಅವಳು ಊರಿಗೆಲ್ಲ ಹಿರಿಯಳು, ಅವಳ ಮಾತೇ ಕಟ್ಟಳೆ. ಅವಳು ಕೋಲು ಚಾಚಿ ಒಂದು ಜಾಗ ತೋರಿಸುತ್ತಾಳೆ. ಹುಲ್ಲು ಚಿಗುರಿದ ದಿನ ನಾನು ಆ ಜಾಗಕ್ಕೆ ಹೋಗುತ್ತೇನೆ. ನಾನು ಗೆರೆಗಾರ. ತೂತು ಕೊರೆದ ತೆಂಗಿನ ಚಿಪ್ಪಿನಲ್ಲಿ ಸುಣ್ಣದ ಪುಡಿ ತುಂಬಿಕೊಂಡು ಹುಲ್ಲಿನ ಮೇಲೆ ಮನೆಯನ್ನು ಎಳೆಯುತ್ತೇನೆ. ಇದು ಪಡಸಾಲೆ, ಇದು ಅಡುಗೆಮನೆ, ಇದು ಮಲಗುವ ಕೋಣೆ. ಗೆರೆ ಇದ್ದ ಕಡೆ ಗೋಡೆ. ಗೆರೆ ಬಿಟ್ಟ ಕಡೆ ಬಾಗಿಲು. ಒಲೆಯ ಮೇಲೆ ನಾಲ್ಕು ಕಂಬದ ಒಂದು ಚಪ್ಪರ ಬಿಟ್ಟರೆ ಮೇಲೆಲ್ಲ ಆಕಾಶ, ಸುತ್ತ ಬರೀ ಗಾಳಿ.

ಆ ಗೆರೆಯ ಮನೆಯಲ್ಲಿ ಆ ಸಂಸಾರ ಒಂದು ವರ್ಷ ಬಾಳಬೇಕು. ಬಾಗಿಲಿನಿಂದಲೇ ಬರಬೇಕು, ಬಾಗಿಲಿನಿಂದಲೇ ಹೋಗಬೇಕು. ಗೋಡೆಯನ್ನು ಗೋಡೆ ಅನ್ನಬೇಕು. ಮತ್ತೆ ಹುಲ್ಲು ಚಿಗುರಿದ ದಿನ ನಾನು ಬರಿಗಾಲಲ್ಲಿ ಹೋಗಿ ನೆಲ ಓದುತ್ತೇನೆ. ಕಾಲು ನಡೆದ ಕಡೆ ದಾರಿ. ಕಾಲು ನಿಂತು ಕಾದ ಕಡೆ ಬಾಗಿಲು. ಕಾಲು ಮುಟ್ಟದ ಕಡೆ ಗೋಡೆ. ನೆಲ ಹೇಳಿದ ಹಾಗೆ ಕಲ್ಲಿನ ಮನೆ ಏಳುತ್ತದೆ, ಅವರವರ ಕಾಲಿಗೆ ಹೊಲಿದ ಚಪ್ಪಲಿಯ ಹಾಗೆ.

ವರ್ಷದ ನಡುವೆ ಗೆರೆ ಸರಿಸಬಹುದು. ಬಾಳುವವರು ಕೇಳಿದರೆ ಗೋಡೆ ಒಂದು ಹೆಜ್ಜೆ ಆಚೆ ಹೋಗುತ್ತದೆ, ಒಂದು ಹೆಜ್ಜೆ ಈಚೆ ಬರುತ್ತದೆ. ಆದರೆ ಒಮ್ಮೆ ಮುಚ್ಚಿದ ಬಾಗಿಲನ್ನು ಆ ವರ್ಷ ಮತ್ತೆ ತೆರೆಯುವಂತಿಲ್ಲ. ಈ ಕಟ್ಟಳೆ ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವರ ಸಮಾಧಿಯ ಹತ್ತಿರ ಹೋಗಿ ಎರಡು ಮಾತು ಆಡಿ ಬರುತ್ತಿದ್ದೆ.

ಇನ್ನೊಂದು ಮಾತು, ಅದು ಕಟ್ಟಳೆಯಲ್ಲ, ಗುಟ್ಟು. ಊರಿನಲ್ಲಿ ದೊಡ್ಡವರೆಲ್ಲ ಗೆರೆ ದಾಟುತ್ತಾರೆ. ಯಾರೂ ನೋಡುತ್ತಿಲ್ಲ ಅನ್ನಿಸಿದಾಗ, ಕೈಯಲ್ಲಿ ಬಿಸಿ ಪಾತ್ರೆ ಇದ್ದಾಗ, ಸುತ್ತಿ ಬರಲು ಬೇಸರವಾದಾಗ, ಸೀರೆ ಎತ್ತಿ ಒಂದು ಹೆಜ್ಜೆ ಹಾಕಿದರೆ ಆಯಿತು. ನಾನೂ ಕಂಡರೂ ಕಾಣದವನ ಹಾಗೆ ಸುಣ್ಣ ಜರಡಿ ಹಿಡಿಯುತ್ತಾ ಕೂತಿರುತ್ತಿದ್ದೆ. ಐವತ್ತು ವರ್ಷದಲ್ಲಿ ನಾನು ಎಳೆದ ಗೆರೆಯನ್ನು ನಿಜವಾಗಿ ಗೋಡೆ ಎಂದು ನಂಬಿದ್ದು ಒಬ್ಬಳೇ ಒಬ್ಬಳು. ಅವಳ ಕಥೆಯನ್ನೇ ಈಗ ಹೇಳುತ್ತಿರುವುದು.

ಅವಳ ಅಪ್ಪ ಚಿತ್ರಗಾರ, ಅಮ್ಮ ಹಾಡುಗಾರ್ತಿ. ಇಬ್ಬರಿಗೂ ಎಳೆಯ ವಯಸ್ಸು. ಅಪ್ಪನ ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಮ್ಮಣ್ಣು, ಅಮ್ಮನ ತುಟಿಯ ಮೇಲೆ ಯಾವಾಗಲೂ ಅರ್ಧ ಹಾಡು. ಬೆಟ್ಟದಜ್ಜಿ ಅವರಿಗೆ ಊರಿನಿಂದ ದೂರ, ಕೊರಕಲಿನ ಪಕ್ಕದಲ್ಲಿ ಒಂದು ಒಳ್ಳೆಯ ಜಾಗ ಕೊಟ್ಟಳು. ಕೆಳಗೆ ಕಣಿವೆ. ಮೇಲೆ, ಕೊರಕಲಿನ ಆಚೆ, ಆನೆ ಮಲಗಿದ ಹಾಗಿರುವ ಒಂದು ಬಂಡೆ.

ಮಗುವಿಗೆ ಆರು ವರ್ಷ. ನಾನು ಚಿಪ್ಪು ಹಿಡಿದು ಬಗ್ಗಿದಾಗಿನಿಂದ ಏಳುವ ತನಕ ಬೆನ್ನ ಹಿಂದೆಯೇ ನಡೆದಳು.

“ಗೆರೆಯಜ್ಜ, ಇದು ಎಷ್ಟು ಎತ್ತರದ ಗೋಡೆ?” ಎಂದು ಕೇಳಿದಳು.

“ನಿಮ್ಮಪ್ಪನಿಗಿಂತ ಎತ್ತರ.”

ಅವಳು ಕತ್ತು ಎತ್ತಿ ಮೇಲಿನ ತನಕ ನೋಡಿದಳು. ಗೋಡೆ ಮುಗಿಯುವ ಜಾಗದಲ್ಲಿ ಅವಳ ಕಣ್ಣು ನಿಂತಿತು. ಮಕ್ಕಳು ಆಟಕ್ಕೆ ನೋಡುವ ನೋಟ ಅದಲ್ಲ. ಅವತ್ತೇ ನನಗೆ ಅರ್ಥವಾಗಬೇಕಿತ್ತು.

ಮೂವರಿಗೂ ಬೇಕಾದದ್ದನ್ನು ಕೇಳಿದೆ. ಚಿತ್ರಗಾರ ಬೆಳಕು ಕೇಳಿದ. ಹಾಡುಗಾರ್ತಿ ದನಿ ತಿರುಗಿ ಬರುವ ಒಂದು ಪಡಸಾಲೆ ಕೇಳಿದಳು. ಮಗು ಕೇಳಿದ್ದು ಒಂದು ಬಾಗಿಲು.

“ಆನೆ ಕಡೆಗೆ. ನನ್ನ ಕೋಣೆಯಿಂದ ಸೀದಾ ಆನೆ ಹತ್ರ ಹೋಗೋ ಹಾಗೆ.”

ಹಾಗೆಯೇ ಎಳೆದೆ. ಕೆಳಗೆ ಕಣಿವೆಯ ಕಡೆ ದೊಡ್ಡ ಬಾಗಿಲು. ನಡುವೆ ಪಡಸಾಲೆ. ಬೆಟ್ಟದ ಕಡೆ ಈ ತುದಿಯಿಂದ ಆ ತುದಿಗೆ ಉದ್ದದ ಗೋಡೆ. ಆ ಗೋಡೆಯ ಕೊನೆಯಲ್ಲಿ ಎಂಟು ಹೆಜ್ಜೆಯ ಒಂದು ಕೋಣೆ ಮಗುವಿಗೆ. ಕೋಣೆಗೆ ಎರಡು ಬಾಗಿಲು, ಒಂದು ಪಡಸಾಲೆಗೆ, ಒಂದು ಆನೆಗೆ. ನನ್ನ ಜೀವನದಲ್ಲಿ ನಾನು ಎಳೆದ ಅತ್ಯಂತ ಚೆಂದದ ಮನೆ ಅದು. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಜಂಬವೇ ಇತ್ತು, ಅದೇ ತಪ್ಪಾಯಿತು.

ನಮ್ಮಲ್ಲಿ ಗೆರೆಯ ಮನೆಗಾಗಲಿ ಕಲ್ಲಿನ ಮನೆಗಾಗಲಿ ಮೊದಲು ಕಾಲಿಡುವುದು ಆ ಸಂಸಾರದ ಅತಿ ಕಿರಿಯರು. ಆ ಮನೆಯಲ್ಲಿ ಅತಿ ಹೆಚ್ಚು ಕಾಲ ಬಾಳುವವರು ಅವರೇ ಅಲ್ಲವೇ. ಅವರು ಒಳಗೆ ಹೋಗಿ, ಒಳಗಿನಿಂದ ‘ಒಳಗೆ ಬನ್ನಿ’ ಎಂದು ಕರೆದ ಮೇಲೆಯೇ ಉಳಿದವರು ಹೊಸಿಲು ದಾಟಬೇಕು. ಕರೆಯುವ ತನಕ ಹೊರಗೇ ನಿಂತಿರಬೇಕು.

ಮಗು ದೊಡ್ಡ ಬಾಗಿಲಿನ ಮುಂದೆ ನಿಂತಳು. ಇಲ್ಲದ ಚಿಲಕ ತೆಗೆದಳು. “ಕಿರ್‍ರ್” ಎಂದು ಬಾಯಲ್ಲಿ ಬಾಗಿಲಿನ ಸದ್ದು ಮಾಡಿದಳು. ಒಳಗೆ ಹೋಗಿ ನಾಲ್ಕೂ ಕಡೆ ನೋಡಿ, ಸೊಂಟದ ಮೇಲೆ ಕೈ ಇಟ್ಟುಕೊಂಡು, “ಒಳಗೆ ಬನ್ನಿ!” ಎಂದು ಇಡೀ ಬೆಟ್ಟಕ್ಕೆ ಕೇಳುವ ಹಾಗೆ ಕೂಗಿದಳು. ಅಪ್ಪ ಅಮ್ಮ ನಗುತ್ತಾ ಒಳಗೆ ಹೋದರು.

“ಕಲ್ಲಿನ ಮನೆಗೂ ನಾನೇ ಮೊದಲು, ಅಲ್ವಾ ಅಜ್ಜ?”

“ನೀನೇ ಮೊದಲು. ನೀನು ಕರೆಯದೆ ನಾವ್ಯಾರೂ ಒಳಗೆ ಬರಲ್ಲ.”

ಹದಿನೈದು ದಿನಕ್ಕೊಮ್ಮೆ ನಾನು ಹೋಗಿ ಮಾಸಿದ ಗೆರೆಗೆ ಹೊಸ ಸುಣ್ಣ ಬಿಡುತ್ತಿದ್ದೆ. ಹೋದಾಗಲೆಲ್ಲ ದೂರದಿಂದಲೇ ‘ಕಿರ್‍ರ್, ಟಕ್’ ಕೇಳಿಸುತ್ತಿತ್ತು. ಬಾಗಿಲು ತೆರೆದರೆ ಕಿರ್‍ರ್, ಚಿಲಕ ಹಾಕಿದರೆ ಟಕ್. ಒಂದು ಸಾರಿಯೂ ತಪ್ಪಿಸುತ್ತಿರಲಿಲ್ಲ. ಆನೆಯ ಹತ್ತಿರ ಹೋಗುವಾಗ ಕಿರ್‍ರ್. ಆನೆಗೆ ಹುಲ್ಲು ಹಾಕಿ ಬಂದಾಗ ಟಕ್.

ಒಮ್ಮೆ ಚಿತ್ರಗಾರ ಬಣ್ಣದ ಮಡಕೆ ಹಿಡಿದು, ಸುತ್ತಿ ಬರಲು ಬೇಸರಪಟ್ಟು, ಗೋಡೆ ದಾಟಿ ಬಂದ. ಮಗು ಕಿಟಾರನೆ ಕಿರುಚಿ ಓಡಿ ಬಂದು ಅವನ ಹಣೆ ಹಿಡಿದುಕೊಂಡಳು.

“ಅಪ್ಪಾ! ಪೆಟ್ಟಾಯ್ತಾ? ಎಲ್ಲಿ, ತೋರಿಸು!”

ಅವನು ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ “ಅಯ್ಯೋ, ಹೌದು ಕಣವ್ವ, ಜೋರಾಗೇ ಬಡೀತು” ಎಂದು ಹಣೆ ಉಜ್ಜಿಕೊಂಡ. ಅವಳು ಉಫ್ ಉಫ್ ಎಂದು ಊದಿದಳು. ಹಾಡುಗಾರ್ತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ.

ಮಳೆ ಮುಗಿದ ಮೇಲೆ ಹಾಡುಗಾರ್ತಿ ಕೇಳಿದಳು. “ಗೆರೆಯಜ್ಜ, ಪಡಸಾಲೆಯಲ್ಲಿ ದನಿ ಇನ್ನೂ ತಿರುಗಿ ಬರ್ತಾ ಇಲ್ಲ. ಇನ್ನೆರಡು ಹೆಜ್ಜೆ ಸಿಕ್ಕಿದ್ರೆ ಬರುತ್ತೇನೋ.” ಬಯಲಿನಲ್ಲಿ ದನಿ ಹೇಗೆ ತಿರುಗಿ ಬರುತ್ತದೆ ಎಂದು ನಾನು ಕೇಳಲಿಲ್ಲ. ಅವಳು ಹಾಡಿ ತೋರಿಸಿದಳು. ಅಂಥ ದನಿಗೆ ಇನ್ನೆರಡು ಹೆಜ್ಜೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಒಂದು ಕಡೆ ಒಲೆ, ಒಂದು ಕಡೆ ಕೊರಕಲು. ಇದ್ದ ಜಾಗ ಮಗುವಿನ ಕೋಣೆಯೊಂದೇ. ಎಂಟು ಹೆಜ್ಜೆ ಆರಾಯಿತು.

ಚಳಿಗಾಲದಲ್ಲಿ ಇನ್ನೊಮ್ಮೆ ಕೇಳಿದಳು. ಆರು ನಾಲ್ಕಾಯಿತು. ಜೊತೆಗೆ ಒಂದು ಕಟ್ಟುಪಾಡು ಹಾಕಿದರು. ಅಮ್ಮ ಹಾಡುವಾಗ ಮಗು ಪಡಸಾಲೆಗೆ ಬರಬಾರದು. ಮಗು ತನ್ನ ಕೋಣೆಯಲ್ಲಿ, ಟಕ್ ಎಂದು ಚಿಲಕ ಹಾಕಿಕೊಂಡು, ಹಾಡು ಮುಗಿಯುವ ತನಕ ಕೂತಿರುತ್ತಿದ್ದಳು.

ಆಮೇಲೆ ಚಿತ್ರಗಾರನ ಸರದಿ. ಅವನು ನನ್ನನ್ನು ಆ ಉದ್ದದ ಗೋಡೆಯ ಮುಂದೆ ನಿಲ್ಲಿಸಿ ಕೈ ಬೀಸಿ ತೋರಿಸಿದ. ಬೆಟ್ಟ ಹುಟ್ಟಿದ್ದು, ನೀರು ಇಳಿದದ್ದು, ಮೊದಲ ಮನುಷ್ಯ ಮೊದಲ ಒಲೆ ಹಚ್ಚಿದ್ದು, ಎಲ್ಲ ಒಂದೇ ಚಿತ್ರದಲ್ಲಿ, ಒಂದೇ ಗೋಡೆಯ ಮೇಲೆ. ಹತ್ತು ವರ್ಷದಿಂದ ಎದೆಯೊಳಗೆ ಹೊತ್ತುಕೊಂಡು ತಿರುಗಿದ ಚಿತ್ರವಂತೆ. ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು.

“ಆದ್ರೆ ಅಜ್ಜ, ಚಿತ್ರದಲ್ಲಿ ಒಂದು ತೂತು ಬಂದುಬಿಡುತ್ತೆ,” ಎಂದ. ಅವನು ತೂತು ಅಂದದ್ದು ಮಗುವಿನ ಬಾಗಿಲಿಗೆ.

ಅವರು ಕೆಟ್ಟವರಲ್ಲ. ಇದನ್ನು ನಾನು ಎಷ್ಟು ಸಾರಿ ಬೇಕಾದರೂ ಹೇಳುತ್ತೇನೆ. ಮಗಳಿಗೆ ಜ್ವರ ಬಂದರೆ ಇಬ್ಬರೂ ಊಟ ಬಿಡುತ್ತಿದ್ದರು. ಅವಳಿಗಾಗಿಯೇ ಒಳ್ಳೆಯ ಮನೆ ಬೇಕು ಎಂದು ಅವರು ನಂಬಿದ್ದರು, ಆ ನಂಬಿಕೆಯಲ್ಲಿಯೇ ಅವಳ ಹೆಜ್ಜೆಗಳನ್ನು ಒಂದೊಂದಾಗಿ ತೆಗೆದುಕೊಂಡರು. ಬೇಡ ಅನ್ನಬೇಕಾದವನು ನಾನು. ಯಾರ ದನಿ ದೊಡ್ಡದೋ ಅವರ ಕಡೆ ಗೆರೆ ಬಾಗಬಾರದು ಎಂದು ನನ್ನ ಗುರು ಹೇಳಿಕೊಟ್ಟಿದ್ದ. ನಾನು ಚಿಪ್ಪು ತೆಗೆದುಕೊಂಡು ಆ ಬಾಗಿಲಿನ ಮೇಲೆ ಎರಡು ಮೊಳ ಸುಣ್ಣ ಬಿಟ್ಟೆ. ಆಗ ಉದ್ದದ ಗೋಡೆ ನಿಜಕ್ಕೂ ಚೆನ್ನಾಗಿ ಕಾಣಿಸಿತು. ಒಂದು ಕುಂದಿಲ್ಲದ ನೇರ ಗೆರೆ.

ಮುಂದಿನ ಸಾರಿ ಹೋದಾಗ ಮಗು ಕಾದಿದ್ದಳು.

“ಗೆರೆಯಜ್ಜ, ನನ್ನ ಬಾಗಿಲು ಎಲ್ಲಿಗೆ ಹೋಯ್ತು?”

“ಅಲ್ಲಿ ನಿಮ್ಮಪ್ಪನ ಚಿತ್ರ ಬರುತ್ತೆ ಪುಟ್ಟಿ.”

“ಚಿತ್ರದಲ್ಲಿ ಬಾಗಿಲು ಬರೀತಾರಾ?”

“ಕೇಳಿದ್ರೆ ಬರೀತಾರೆ.”

“ಅದ್ರಲ್ಲಿ ಆಚೆ ಹೋಗ್ಬಹುದಾ?”

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. “ಆನೆಗೆ ಹಸಿವಾಗುತ್ತೆ,” ಎಂದಳು.

“ದೊಡ್ಡ ಬಾಗಿಲಿಂದ ಸುತ್ತಿ ಹೋಗು.”

“ಅಮ್ಮ ಹಾಡ್ತಾ ಇರ್ತಾಳೆ.” ನನ್ನ ಕೈಯಲ್ಲಿದ್ದ ಚಿಪ್ಪು ನೋಡಿ ಮತ್ತೆ ಕೇಳಿದಳು. “ನೀನೇ ಮುಚ್ಚಿದ್ದಲ್ವಾ? ನೀನೇ ತೆಗಿ.”

ಕಟ್ಟಳೆ ಹೇಳಿದೆ. ಮುಚ್ಚಿದ ಬಾಗಿಲು ಈ ವರ್ಷ ತೆಗೆಯುವ ಹಾಗಿಲ್ಲ. ಅವಳು ತಲೆಯಾಡಿಸಿದಳು, ದೊಡ್ಡವರ ಕಷ್ಟ ಅರ್ಥವಾದವಳ ಹಾಗೆ. ಅಂಗೈ ಎತ್ತಿ ಗಾಳಿಯಲ್ಲಿ ಗೋಡೆಯನ್ನು ಒಂದು ಸಾರಿ ಮುಟ್ಟಿ ನೋಡಿದಳು. ನಾನು ಗೆರೆ ನೇರವಾಗಿದೆಯೇ ಎಂದು ನೋಡುತ್ತಿದ್ದೆ. ಅವಳ ಕಾಲ ಕೆಳಗಿನ ನೆಲವನ್ನು ನೋಡಲಿಲ್ಲ.

ಬಿಸಿಲು ಏರಿತು. ಬೆಟ್ಟದ ಹುಲ್ಲು ಒಣಗಿ ಬಿಳುಚಿತು. ವರ್ಷ ತುಂಬಲು ಇನ್ನು ನಲವತ್ತು ದಿನ.

ಅವತ್ತು ಚಿತ್ರಗಾರ ಕೆಮ್ಮಣ್ಣು ತರಲು ಬೆಟ್ಟದ ಆಚೆ ಮಗ್ಗುಲಿಗೆ ಹೋಗಿದ್ದ. ಹಾಡುಗಾರ್ತಿ ನೀರು ತರಲು ಊರಿನ ಕಡೆಯ ಒರತೆಗೆ ಹೋಗಿದ್ದಳು. ಹೋಗುವಾಗ ಮಗಳಿಗೆ, “ಒಳಗೇ ಇರು ಕಂದಾ, ಎಲ್ಲೂ ಹೋಗ್ಬೇಡ. ಈಗ ಬಂದೆ,” ಎಂದಿದ್ದಳು. ಬೇರೆ ಯಾವ ಊರಿನ ತಾಯಿಯೂ ಬಟಾಬಯಲಿನಲ್ಲಿ ಮಗುವನ್ನು ಬಿಟ್ಟು ‘ಒಳಗೇ ಇರು’ ಅನ್ನುವುದಿಲ್ಲ. ನಮ್ಮ ಊರಿನ ತಾಯಿ ಅಂದಳು. ಹನ್ನೊಂದು ತಿಂಗಳಲ್ಲಿ ಅವರಿಗೆ ಒಳಗು ಅನ್ನುವುದು ಇಲ್ಲ ಎಂಬುದೇ ಮರೆತುಹೋಗಿತ್ತು. ತಾವು ದಾಟುವಾಗ ಅದು ಗೆರೆ. ಮಗಳನ್ನು ಬಿಟ್ಟು ಹೋಗುವಾಗ ಅದು ಮನೆ.

ನಾನು ಸುಣ್ಣದ ಬುಟ್ಟಿ ಹೊತ್ತು ಮೇಲಿನ ದಾರಿಯಿಂದ ಇಳಿಯುತ್ತಿದ್ದೆ. ಆನೆಬಂಡೆಯ ಹತ್ತಿರ ಬಂದಾಗ ಕಣಿವೆಯಿಂದ ಹೊಗೆ ಏಳುವುದು ಕಾಣಿಸಿತು. ಯಾರು ಹಚ್ಚಿದರೋ, ಯಾವ ಕಲ್ಲು ಯಾವ ಕಲ್ಲಿಗೆ ತಾಗಿತೋ. ಒಣಹುಲ್ಲಿಗೆ ಬಿದ್ದ ಬೆಂಕಿ ಇಳಿಜಾರನ್ನು ಏರುವುದನ್ನು ನೀವು ನೋಡಿರಲಾರಿರಿ. ಅದು ಏರುವುದಿಲ್ಲ, ಹಾರುತ್ತದೆ.

ಕೊರಕಲಿನ ಈಚೆ ನಾನು, ಆಚೆ ಅವಳು. ಅವಳು ದೊಡ್ಡ ಬಾಗಿಲಿಗೆ ಓಡಿದಳು. ಅಲ್ಲಿ ಬೆಂಕಿ ಬಂದು ನಿಂತಿತ್ತು. ತಿರುಗಿ ಪಡಸಾಲೆ ದಾಟಿ ತನ್ನ ಕೋಣೆಗೆ ಓಡಿ ಬಂದಳು. ಅಂಥ ಹೊತ್ತಿನಲ್ಲೂ ಅವಳು ಚಿಲಕ ತೆಗೆದು ಬಂದಳು, ನಾನು ಕಣ್ಣಾರೆ ನೋಡಿದೆ.

“ಹೊರಗೆ ಬಾ!” ಎಂದು ಕೂಗಿದೆ. “ಪುಟ್ಟಿ, ಈ ಕಡೆ! ಮೇಲೆ ಬಾ!”

ಅವಳು ನನ್ನನ್ನು ಕಂಡಳು. ಮುಖ ಅರಳಿತು. ಓಡಿ ಬಂದು ಉದ್ದದ ಗೋಡೆಯ ಹತ್ತಿರ ನಿಂತುಬಿಟ್ಟಳು.

“ಇಲ್ಲಿ ಬಾಗಿಲಿಲ್ಲ ಅಜ್ಜ!”

“ದಾಟು! ಗೋಡೆ ಇಲ್ಲ ಅಲ್ಲಿ! ಅದು ಬರೀ ಸುಣ್ಣ! ದಾಟು ಮಗಳೇ!”

ಅವಳು ಎರಡೂ ಅಂಗೈ ಎತ್ತಿ ಗಾಳಿಯನ್ನು ತಳ್ಳಿದಳು. ತಳ್ಳಿದಳು, ಬಡಿದಳು. ಆ ಗೋಡೆ ಅಲುಗಲಿಲ್ಲ. ಅಂಥ ಗಟ್ಟಿ ಗೋಡೆಯನ್ನು ಯಾವ ಕಲ್ಲುಕುಟಿಗನೂ ಕಟ್ಟಿರಲಿಲ್ಲ.

“ಇದು ಗೋಡೆ ಅಂತ ನೀನೇ ಅಲ್ವಾ ಅಜ್ಜ ಹೇಳಿದ್ದು?”

ಅವಳು ನನಗೆ ಹೇಳಿದ ಕೊನೆಯ ಮಾತು ಅದು. ಅದರಲ್ಲಿ ದೂರು ಇರಲಿಲ್ಲ. ಅಜ್ಜನಿಗೆ ಮರೆತುಹೋಗಿದೆ, ನೆನಪು ಮಾಡಿಕೊಡೋಣ ಎಂಬಂತೆ ಹೇಳಿದಳು.

ಬುಟ್ಟಿ ಎಸೆದು ಕೊರಕಲಿಗೆ ಇಳಿದೆ. ಮುದಿ ಕಾಲು. ಇಳಿದು, ಬಿದ್ದು, ಏರುವ ಹೊತ್ತಿಗೆ ಹೊಗೆ ಎಲ್ಲವನ್ನೂ ಮುಚ್ಚಿತ್ತು. ಕೆಮ್ಮುತ್ತಾ ಹೋಗಿ ಆ ಗೆರೆಯನ್ನು ಕಾಲಿನಿಂದ ಒದ್ದೆ. ಒಂದೇ ಒದೆತಕ್ಕೆ ಅಳಿಸಿಹೋಯಿತು. ಅದರ ಒಳಗಡೆ, ಒಂದು ಗೇಣು ದೂರದಲ್ಲಿ, ಅವಳು ಮಲಗಿದ್ದಳು. ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ.

ಬೆಂಕಿ ಗೆರೆ ದಾಟಿರಲಿಲ್ಲ. ನಾಲ್ಕೂ ಕಡೆ ಬೆಟ್ಟ ಕರಿಯಾಗಿತ್ತು, ಗೆರೆಯ ಮನೆಯೊಳಗೆ ಒಂದು ಹುಲ್ಲುಕಡ್ಡಿಯೂ ಸುಟ್ಟಿರಲಿಲ್ಲ. ಊರಿನವರು ಅದನ್ನು ಪವಾಡ ಅಂದರು. ಪವಾಡದ ಬಾಯಿಗೆ ಮಣ್ಣು ಹಾಕ! ನನ್ನ ಗೆರೆಯನ್ನು ನಂಬಿದವರು ಇಬ್ಬರೇ, ಅವಳು ಮತ್ತು ಬೆಂಕಿ. ಹೊಗೆ ಮಾತ್ರ ದೊಡ್ಡವರ ಹಾಗೆ, ಯಾರೂ ನೋಡದಾಗ ದಾಟಿ ಒಳಗೆ ಬಂದಿತ್ತು.

ಹಾಡುಗಾರ್ತಿ ಕೊಡ ಹೊತ್ತುಕೊಂಡೇ ಓಡಿ ಬಂದಳು. ಚಿತ್ರಗಾರ ಕೆಮ್ಮಣ್ಣಿನ ಕೈಯಲ್ಲಿ ಬಂದ. ಆಮೇಲಿನದನ್ನು ನಾನು ಹೇಳುವುದಿಲ್ಲ. ಮಗುವನ್ನು ಎಲ್ಲಿ ಮಲಗಿಸುವುದು ಎಂದು ಕೇಳಿದಾಗ ಅವರಿಬ್ಬರೂ ಆನೆಬಂಡೆಯ ಬುಡ ತೋರಿಸಿದರು. ಅಲ್ಲಿಯೇ ಮಲಗಿಸಿದೆವು.

ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬರಾದರೂ ಬೈದಿದ್ದರೆ ನನ್ನ ಎದೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ‘ನೀನೇನು ಮಾಡ್ತೀಯ, ಕಟ್ಟಳೆ’ ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾನು ಬೆಟ್ಟದಜ್ಜಿಯ ಕಾಲ ಹತ್ತಿರ ಚಿಪ್ಪು ಇಟ್ಟು, ಇನ್ನು ನನ್ನಿಂದ ಆಗದು ಎಂದೆ. ಅವಳು ಆ ಚಿಪ್ಪನ್ನು ಕೋಲಿನಿಂದ ಮತ್ತೆ ನನ್ನ ಕಡೆಗೇ ಸರಿಸಿದಳು.

“ಅವರಿಬ್ಬರೂ ವರ್ಷ ತುಂಬಿಸ್ತೀವಿ ಅಂದಿದ್ದಾರೆ,” ಎಂದಳು. “ನಲವತ್ತು ದಿನ ಇದೆ. ನೆಲ ಓದೋರು ಬೇಡವಾ? ಓದಿ ಆಮೇಲೆ ಬಿಡು.”

ಆ ನಲವತ್ತು ದಿನವನ್ನು ನಾನು ದೂರದಿಂದ ನೋಡಿದೆ. ಚಿತ್ರಗಾರ ಒಮ್ಮೆಯೂ ಗೆರೆ ದಾಟಲಿಲ್ಲ. ಸೌದೆಯ ಹೊರೆ ಹೊತ್ತು ಬಂದರೂ ಸುತ್ತಿ ಬಳಸಿ ದೊಡ್ಡ ಬಾಗಿಲಿಗೇ ಬರುತ್ತಿದ್ದ. ಹೊರೆ ಇಳಿಸಿ ಇಲ್ಲದ ಚಿಲಕ ತೆಗೆಯುತ್ತಿದ್ದ, ಹೊರೆ ಎತ್ತಿ ಒಳಗೆ ಹೋಗುತ್ತಿದ್ದ, ತಿರುಗಿ ಬಂದು ಚಿಲಕ ಹಾಕುತ್ತಿದ್ದ. ಹಾಡುಗಾರ್ತಿ ಬಿಸಿ ಪಾತ್ರೆ ಹಿಡಿದುಕೊಂಡು ಮೂರು ಬಾಗಿಲು ಸುತ್ತಿ ಬರುತ್ತಿದ್ದಳು. ಒಂದು ಸಂಜೆ ಅವಳು ಮಗುವಿನ ಕೋಣೆಯ ಹೊರಗೆ ನಿಂತು, ಅಂಗೈಯನ್ನು ಗಾಳಿಗೆ ಇಟ್ಟು, ಮೆಲ್ಲಗೆ ಒತ್ತಿ ನೋಡಿದಳು. ಕೈ ನಿಂತಿತು. ಅವರಿಗೂ ಈಗ ಗೋಡೆ ಕಾಣಿಸತೊಡಗಿತ್ತು.

ಅವಳು ಹಾಡಲಿಲ್ಲ. ಅವನು ಬಣ್ಣ ಮುಟ್ಟಲಿಲ್ಲ.

ಹುಲ್ಲು ಚಿಗುರಿತು. ಸುಟ್ಟ ಬೆಟ್ಟದಲ್ಲಿ ಹುಲ್ಲು ಎಂದಿಗಿಂತ ಹಸಿರಾಗಿ ಬರುತ್ತದೆ, ಅದಕ್ಕೆ ನಾಚಿಕೆಯಿಲ್ಲ. ನಾನು ಚಪ್ಪಲಿ ಬಿಟ್ಟು ನೆಲ ಓದಲು ಹೋದೆ. ಅವರಿಬ್ಬರೂ ಒಲೆಯ ಹತ್ತಿರ ನಿಂತಿದ್ದರು.

ಮೊದಲು ಪಡಸಾಲೆ. ನಡುವಿನಲ್ಲಿ ಒಂದು ಕಾಲುದಾರಿ ಬಿಟ್ಟರೆ ಉಳಿದ ಕಡೆಯೆಲ್ಲ ಹುಲ್ಲು ಮೊಣಕಾಲಿನ ತನಕ ಬೆಳೆದಿತ್ತು. ಹಾಡುಗಾರ್ತಿಯ ಕಾಲು ನಿಂತ ಗುರುತು ಇದ್ದದ್ದು ಒಲೆಯ ಮುಂದೆ. ಅವಳು ಹಾಡಿದ್ದೆಲ್ಲ ಅಲ್ಲಿಯೇ, ಸೌಟು ಹಿಡಿದುಕೊಂಡು. ಮಗುವಿನಿಂದ ತೆಗೆದುಕೊಂಡ ನಾಲ್ಕು ಹೆಜ್ಜೆಯಲ್ಲಿ ಅವಳು ಒಂದು ದಿನವೂ ನಿಂತಿರಲಿಲ್ಲ.

ಆಮೇಲೆ ಉದ್ದದ ಗೋಡೆ. ಅದರ ಬುಡದಲ್ಲಿ ಹುಲ್ಲು ಒಂದೇ ಸಮ ಎತ್ತರಕ್ಕೆ, ಬಾಚಿದ ಕೂದಲಿನ ಹಾಗೆ ನಿಂತಿತ್ತು. ಚಿತ್ರಗಾರ ಒಂದು ಗೀಟು ಎಳೆಯಲೂ ಆ ಗೋಡೆಯ ಹತ್ತಿರ ಬಂದಿರಲಿಲ್ಲ. ಎದೆಯೊಳಗೆ ಹೊತ್ತುಕೊಂಡಿದ್ದನ್ನು ಎದೆಯೊಳಗೇ ಇಟ್ಟುಕೊಂಡಿದ್ದ.

ನಾನು ಇದನ್ನು ಅವರಿಗೆ ಹೇಳಲಿಲ್ಲ. ಅವರಿಗೂ ಕಣ್ಣಿತ್ತು. ನಾನು ನಿಂತ ಕಡೆಯೆಲ್ಲ ಅವರ ಕಣ್ಣೂ ನಿಂತು, ನೆಲಕ್ಕೆ ಇಳಿದು, ಅಲ್ಲಿಂದ ಏಳಲಾರದೆ ಹೋಗುತ್ತಿತ್ತು.

ಕೊನೆಗೆ ಮಗುವಿನ ಕೋಣೆ. ಆ ನಾಲ್ಕು ಹೆಜ್ಜೆಯಲ್ಲಿ ಒಂದು ಎಳೆ ಹುಲ್ಲೂ ಇರಲಿಲ್ಲ. ಅಷ್ಟನ್ನೂ ಅವಳು ನಡೆದು, ಕೂತು, ಉರುಳಿ, ಅಂಗಳದ ಹಾಗೆ ನುಣ್ಣಗೆ ಮಾಡಿದ್ದಳು. ಉದ್ದದ ಗೋಡೆಯ ಬುಡದಲ್ಲಿ, ನಾನು ಮುಚ್ಚಿದ ಬಾಗಿಲಿನ ನೇರಕ್ಕೆ, ನೆಲ ಬಟ್ಟಲಿನ ಹಾಗೆ ತಗ್ಗಾಗಿತ್ತು. ಎರಡು ಪುಟ್ಟ ಪಾದದ ಅಗಲ. ಮಣ್ಣು ಗಟ್ಟಿಯಾಗಿ ಮಿರುಗುತ್ತಿತ್ತು. ಒಂದು ದಿನ ನಿಂತರೆ ಹಾಗಾಗುವುದಿಲ್ಲ, ಹತ್ತು ದಿನ ನಿಂತರೂ ಆಗುವುದಿಲ್ಲ. ಬಾಗಿಲು ಮುಚ್ಚಿದ ದಿನದಿಂದ ಬೆಂಕಿ ಬಂದ ದಿನದವರೆಗೆ ಅವಳು ಪ್ರತಿದಿನ ಅಲ್ಲಿ ನಿಂತು ಕಾದಿದ್ದಳು.

ಹದಿನೈದು ದಿನಕ್ಕೊಮ್ಮೆ ನಾನು ಆ ತಗ್ಗಿನ ಪಕ್ಕದಲ್ಲೇ ಬಗ್ಗಿ ಸುಣ್ಣ ಬಿಟ್ಟು ಹೋಗಿದ್ದೆ. ನನ್ನ ಕಸುಬೇ ನೆಲ ಓದುವುದು. ನೆಲ ನನ್ನ ಮೂಗಿನ ಕೆಳಗೇ ಹೇಳುತ್ತಿತ್ತು, ವರ್ಷ ತುಂಬಿದ ಮೇಲೆ ಓದಿದರಾಯಿತು ಎಂದು ನಾನು ಗೆರೆಯ ಚೆಂದ ನೋಡುತ್ತಿದ್ದೆ.

ಅಲ್ಲಿ ಕುಕ್ಕರಿಸಿ ಕೂತು ಅತ್ತೆ. ಮುದುಕ ಅಳಬಾರದು ಅನ್ನುತ್ತಾರೆ. ಅತ್ತೆ.

ಚಿತ್ರಗಾರ ಬಂದು ಪಕ್ಕದಲ್ಲಿ ನಿಂತ. “ಏನ್ ಹೇಳುತ್ತೆ ಅಜ್ಜ, ನೆಲ?”

“ಕಾಲು ನಿಂತು ಕಾದ ಕಡೆ ಬಾಗಿಲು,” ಎಂದೆ.

ಅವನು ಆ ತಗ್ಗನ್ನು ಮುಟ್ಟಿದ. ಅದರೊಳಗೆ ತನ್ನ ಅಂಗೈ ಇಟ್ಟ. ಅಂಗೈ ಹಿಡಿಸಿತು, ಅಷ್ಟೇ.

“ಎಷ್ಟು ಎತ್ತರದ ಬಾಗಿಲು?” ಎಂದು ನಾನು ಕೇಳಿದೆ. ಕೇಳಬೇಕಾದದ್ದು ಕಸುಬು.

ಹಾಡುಗಾರ್ತಿ ಹತ್ತಿರ ಬಂದು ನೆಟ್ಟಗೆ ನಿಂತಳು. ತಲೆ ನೇವರಿಸುವವಳ ಹಾಗೆ ಕೈಯನ್ನು ತನ್ನ ಸೊಂಟದ ಒಂದು ಗೇಣು ಮೇಲೆ ಗಾಳಿಯಲ್ಲಿ ಹಿಡಿದಳು. “ಇಷ್ಟು,” ಎಂದಳು. ಕೈ ಇಳಿಸಲಿಲ್ಲ. ನಾನು ಅಳತೆಯ ಹುರಿ ಹಿಡಿದು, ಗಂಟು ಹಾಕಿ, ಎದ್ದು ಹೋಗುವ ತನಕವೂ ಹಾಗೇ ಹಿಡಿದಿದ್ದಳು.

ಕಲ್ಲಿನ ಮನೆ ಎದ್ದಿತು. ಉದ್ದದ ಗೋಡೆ ಉದ್ದಕ್ಕೆ ಬಂತು, ಅದರ ಕೊನೆಯಲ್ಲಿ ಪುಟ್ಟ ಬಾಗಿಲು ಬಂತು. ಬಡಗಿ ಬಾಗಿಲು ಕೂರಿಸಿ ತೆರೆದು ನೋಡಿದ. ಕಿರ್‍ರ್ ಎಂದಿತು. ಅವನು ಎಣ್ಣೆಯ ಬಟ್ಟಲು ತೆಗೆದ. ಹಾಡುಗಾರ್ತಿ ಅವನ ಕೈ ಹಿಡಿದುಕೊಂಡಳು.

“ಬೇಡ ಅಣ್ಣ. ಹಾಗೇ ಇರಲಿ.”

ಮನೆಯೊಕ್ಕಲಿನ ದಿನ ಊರೆಲ್ಲ ಬಂದಿತ್ತು. ದೊಡ್ಡ ಬಾಗಿಲನ್ನು ತೆರೆದಿಟ್ಟಿದ್ದರು. ಹೊಸಿಲಿಗೆ ಅರಿಸಿನ ಕುಂಕುಮ ಇಟ್ಟಿದ್ದರು. ಯಾರೂ ಒಳಗೆ ಹೋಗಲಿಲ್ಲ. ಮೊದಲು ಹೋಗಬೇಕಾದವಳು ಇರಲಿಲ್ಲ. ಜನ ನೆಲ ನೋಡುತ್ತಾ ನಿಂತರು. ಬಿಸಿಲು ಏರಿತು, ಇಳಿಯಿತು. ಕೊನೆಗೆ ಬೆಟ್ಟದಜ್ಜಿ ಕೋಲು ಊರಿಕೊಂಡು, “ಸಂಸಾರದಲ್ಲಿ ಕಿರಿಯರು ಯಾರೂ ಇಲ್ಲದಿದ್ರೆ, ಆ ಕಿರಿಯರ ಮಾತು ಕೊನೆಗೆ ಕೇಳಿದವರು ಹೋಗಬೇಕು,” ಎಂದಳು. ಇಂಥ ಕಟ್ಟಳೆಯನ್ನು ನಾನು ಹಿಂದೆ ಕೇಳಿರಲಿಲ್ಲ. ಅವಳು ಆಗಲೇ ಹುಟ್ಟಿಸಿದಳೋ ಏನೋ.

ಹಾಡುಗಾರ್ತಿ ನನ್ನ ಕಡೆ ತಿರುಗಿದಳು. ಅಷ್ಟು ದಿನದಲ್ಲಿ ಅವಳು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

“ನೀವು ಹೋಗಿ ಅಜ್ಜ. ಆ ಬಾಗಿಲಿಂದ ಹೋಗಿ.”

ಮನೆ ಸುತ್ತಿ ಬೆಟ್ಟದ ಕಡೆ ಹೋದೆ. ಅವರಿಬ್ಬರೂ ಹಿಂದೆ ಬಂದರು. ಪುಟ್ಟ ಬಾಗಿಲಿನ ಚಿಲಕ ತೆಗೆದೆ. ಬಗ್ಗಿದರೆ ಸಾಲಲಿಲ್ಲ, ಮೊಣಕಾಲೂರಿ, ಕೈಯೂರಿ ತೆವಳಿದೆ. ಒಳಗೆ ತಂಪಾಗಿತ್ತು. ಹೊಸ ಸುಣ್ಣದ ವಾಸನೆ. ನೆಲ ಮಟ್ಟ ಮಾಡುವಾಗ ಆ ತಗ್ಗನ್ನು ಮುಚ್ಚಬಾರದು ಎಂದು ಚಿತ್ರಗಾರ ಹೇಳಿದ್ದನಂತೆ. ನನ್ನ ಮೊಣಕಾಲು ಸರಿಯಾಗಿ ಅದರೊಳಗೆ ಇಳಿಯಿತು.

ಇನ್ನು ಕರೆಯಬೇಕು. ಬಾಯಿ ತೆರೆದೆ. ದನಿ ಬರಲಿಲ್ಲ. ‘ಹೊರಗೆ ಬಾ’ ಎಂದು ಬೆಟ್ಟ ಬಿರಿಯುವ ಹಾಗೆ ಕೂಗಿದ್ದ ಬಾಯಿ ಅದು. ಅವತ್ತು ಅವಳು ಬರಲಿಲ್ಲ, ನನ್ನ ಮಾತನ್ನು ನಂಬಿದ್ದಕ್ಕೆ. ಆ ಬಾಯಲ್ಲಿ ಇನ್ನು ಯಾರನ್ನು ಎಲ್ಲಿಗೆ ಕರೆಯಲಿ?

ಹೊರಗೆ ಅವರಿಬ್ಬರೂ ಕಾಯುತ್ತಿದ್ದರು. ಬಾಗಿಲಿನ ಸಂದಿಯಲ್ಲಿ ಅವರ ಪಾದಗಳು ಮಾತ್ರ ನನಗೆ ಕಾಣಿಸುತ್ತಿದ್ದವು, ನಾಲ್ಕು ಬರಿಗಾಲು, ಹಸಿರು ಹುಲ್ಲಿನ ಮೇಲೆ. ಅವು ಅಲುಗಲಿಲ್ಲ. ಬೆಳಕು ಕೆಂಪಾಗುವ ತನಕ ಅಲುಗಲಿಲ್ಲ. ಕರೆಯದಿದ್ದರೆ ಅವು ಅಲ್ಲಿಯೇ ತಗ್ಗು ಬೀಳುವ ತನಕ ನಿಲ್ಲುತ್ತವೆ ಎಂದು ನನಗೆ ಅರ್ಥವಾಯಿತು.

“ಒಳಗೆ ಬನ್ನಿ,” ಎಂದೆ. ಅದು ನನ್ನ ದನಿಯ ಹಾಗಿರಲಿಲ್ಲ.

ಹಾಡುಗಾರ್ತಿ ಮೊದಲು ಮೊಣಕಾಲೂರಿದಳು. ಅವಳ ಹಿಂದೆ ಅವನು. ಆ ಕಡೆ ದೊಡ್ಡ ಬಾಗಿಲು ತೆರೆದೇ ಇತ್ತು, ಅದರಿಂದ ಯಾರೂ ಬರಲಿಲ್ಲ.